ಬಿಬವೇವಾಡಿಯ ಬಾಗಿಲಿಲ್ಲದ ಜೀಪು

ನನಗೊಂದು ಕಾಯಿಲೆಯಿದೆ. ಎರಡು ಕಡೆಯಿಂದ ಖಚಿತವಾಗದ ಹೊರತು ಯಾವುದನ್ನೂ ನಂಬುವುದಿಲ್ಲ. ಪುಣೆಯ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಮೂವತ್ತು ವರ್ಷ ಕೂತು ಅಂಟಿಸಿಕೊಂಡದ್ದು, ನಿವೃತ್ತನಾದರೂ ವಾಸಿಯಾಗಿಲ್ಲ. ಹೆಂಡತಿ 'ಮಳೆ ಬಂತು, ಬಟ್ಟೆ ತೆಗೀರಿ' ಎಂದರೆ ಕಿಟಕಿಯಲ್ಲಿ ಇಣುಕಿ, ಪಕ್ಕದ ಮನೆಯವರನ್ನೂ ವಿಚಾರಿಸಿ ಆಮೇಲೆ ಮಹಡಿ ಹತ್ತುತ್ತೇನೆ. ಸುದ್ದಿ ಖಚಿತವಾಗುವಷ್ಟರಲ್ಲಿ ಬಟ್ಟೆ ನೆನೆದಿರುತ್ತದೆ. ಆದರೆ ತಪ್ಪು ಸುದ್ದಿ ಕೊಟ್ಟವನೆಂಬ ಹೆಸರು ಇವತ್ತಿನವರೆಗೆ ಬಂದಿಲ್ಲ. ಕೈಕೆಳಗಿನವರಿಗೂ ಇದನ್ನೇ ಕಲಿಸಿದೆ. 'ಫೋಟೋದಲ್ಲಿರುವವರು ನಿಮ್ಮ ತಂದೆಯೇ ಆಗಿರಲಿ, ಎರಡನೇ ಮೂಲ ಸಿಗದೆ ಹೆಸರು ಹಾಕಬೇಡಿ' ಎಂದು ಗದರುತ್ತಿದ್ದೆ.

ಈ ಖ್ಯಾತಿಯೇ ನನ್ನನ್ನು ಸಿಕ್ಕಿಸಿತು. ನಮ್ಮ ಬಿಬವೇವಾಡಿಯ ತಿರುವಿನಲ್ಲಿ ಕುಂದಾಪುರದ ಕಡೆಯ ಶೆಟ್ಟರ ಹೋಟೆಲಿದೆ. ಶೆಟ್ಟರು ಒಂದು ದಿನ ಗುಜರಿ ಅಂಗಡಿಯಿಂದ ಒಂದು ಕಬ್ಬಿಣದ ಪ್ರಾಣಿಯನ್ನು ಲಾರಿಯಲ್ಲಿ ಹೇರಿ ತಂದು ಹೋಟೆಲಿನ ಮುಂದೆ ನಿಲ್ಲಿಸಿದರು. ಅದಕ್ಕೆ ಜೀಪಿನಂತೆ ನಾಲ್ಕು ಚಕ್ರ, ಸ್ಟೀರಿಂಗು, ಹಸಿರು ಬಣ್ಣದ ಅವಶೇಷ. ಆದರೆ ಮೂತಿ ಮಾತ್ರ ಹೋಳಿಗೆ ತಟ್ಟುವಾಗ ತುದಿ ಎಳೆದ ಹಾಗೆ ಮುಂದಕ್ಕೆ ಚಾಚಿತ್ತು. ಗಿರಾಕಿಗಳಿಗೆ ಹಬ್ಬ. ಒಬ್ಬರು ಬೆಂಕಿ ಆರಿಸುವ ಹಳೆಯ ಬಂಬು ಅಂದರು, ಇನ್ನೊಬ್ಬರು ಡಾಂಬರು ಕಾಯಿಸುವ ಯಂತ್ರ ಅಂದರು, ಮಗರಪಟ್ಟಾದ ಐಟಿ ಹುಡುಗಿಯೊಬ್ಬಳು ಫೋನಿನಲ್ಲಿ ಫೋಟೋ ಹಿಡಿದು ಹುಡುಕಿದರೆ ಫೋನು 'ಸ್ನಾನದ ತೊಟ್ಟಿ' ಎಂದಿತು.

ಶೆಟ್ಟರಿಗೆ ಮಾತ್ರ ಅದರ ಮೇಲೆ ಹೇಳತೀರದ ಮೋಹ. ಬೆಳಿಗ್ಗೆ ದೇವರ ಪಟಕ್ಕೆ ಹೂವಿಟ್ಟು, ಮಿಕ್ಕ ಒಂದು ದಾಸವಾಳವನ್ನು ಅದರ ಮೂತಿಗೂ ಸಿಕ್ಕಿಸುತ್ತಿದ್ದರು. "ಇದು ದೋಣಿ ಮಾರಾಯ್ರೆ. ಹೊಟ್ಟೆ ನೋಡಿ, ನಮ್ಮೂರ ದೋಣಿಯದ್ದೇ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಗಲ್ಲಾದಲ್ಲಿ ಕೂತ ಅವರ ಹೆಂಡತಿ ವನಜಕ್ಕನ ಕಿವಿ ಇನ್ನೂ ಚುರುಕು. "ದೋಣಿಗೆ ಚಕ್ರ ಎಂತಕ್ಕೆ? ಸಮುದ್ರದಲ್ಲಿ ಡಾಂಬರು ರೋಡು ಉಂಟಾ? ನೋಡಿ, ನಾನು ಆ ಜಾಗದಲ್ಲಿ ಜ್ಯೂಸ್ ಕೌಂಟರ್ ಹಾಕ್ಬೇಕು ಅಂತ ಇದ್ದೆ. ಭಾನುವಾರದೊಳಗೆ ಅದು ಎಂತದ್ದು ಅಂತ ಗೊತ್ತಾದ್ರೆ ಇರ್ಲಿ. ಇಲ್ಲದಿದ್ರೆ ಗ್ಯಾಸ್ ಕಟ್ಟರ್ ತರಿಸಿ ಕೊಯ್ಸಿಬಿಡ್ತೇನೆ."

ಶೆಟ್ಟರು ನನ್ನ ಕೈ ಹಿಡಿದುಕೊಂಡರು. "ನೀವು ಪೇಪರಿನವರು. ಕಂಡುಹಿಡಿದು ಒಂದು ಬೋರ್ಡು ಬರೆದುಕೊಡಿ."

ನಾಲ್ಕು ದಿನ ತನಿಖೆ ಮಾಡಿದೆ. ಅಳತೆಪಟ್ಟಿ ಹಿಡಿದು ಉದ್ದಗಲ ಬರೆದುಕೊಂಡೆ. ನಿವೃತ್ತ ಸುಬೇದಾರರೊಬ್ಬರನ್ನು ಹುಡುಕಿ ಕೇಳಿದೆ; ಅವರು "ಮಿಲಿಟರಿಯದ್ದೇ ಇರಬಹುದು, ಆದರೆ ನಾನು ಅಡುಗೆ ವಿಭಾಗದಲ್ಲಿದ್ದೆ" ಎಂದರು. ಶನಿವಾರ ಸಂಜೆ ಬೋರ್ಡಿನ ಮಾತು ಸಿದ್ಧವಾಯಿತು: 'ಇದು ಹಳೆಯ ಸೇನಾ ವಾಹನ ಎನ್ನಲಾಗಿದೆ. ಖಚಿತಪಟ್ಟಿಲ್ಲ. ಹೆಚ್ಚಿನ ವಿವರಗಳನ್ನು ನಿರೀಕ್ಷಿಸಲಾಗಿದೆ.' ವನಜಕ್ಕ ಓದಿ, ಚೀಟಿಯನ್ನು ಬಿಲ್ಲು ಚುಚ್ಚುವ ಮೊಳೆಗೆ ಚುಚ್ಚಿದರು.

ಭಾನುವಾರ ಬೆಳಿಗ್ಗೆ ಗ್ಯಾಸ್ ಕಟ್ಟರ್ ಹೊತ್ತು ಶರಣಪ್ಪ ಬಂದ. ಯಾದಗಿರಿ ಕಡೆಯವನು, ಕಟ್ಟಡದ ಕೆಲಸದಲ್ಲಿ ಸರಳು ಕೊಯ್ದು ಪಳಗಿದವನು. ಎರಡು ಸುತ್ತು ಹಾಕಿ, ತಲೆ ಕೆರೆದುಕೊಂಡು ನಿಂತ.

"ಎಲ್ಲಿಂದ ಕೊಯ್ಯಲ್ರೀ ಇದನ್ನ? ಬಾಗಲಾನ ಇಲ್ಲ ಇದಕ್ಕ!"

ನಾಲ್ಕು ದಿನ ಅಳೆದ ಮಹಾಶಯ ನಾನು, ಬಾಗಿಲಿಗೆಂದು ತೆರವೇ ಇಲ್ಲದೆ ಸುತ್ತಲೂ ದೋಣಿಯಂತೆ ಮುಚ್ಚಿದ್ದನ್ನು ಕಂಡಿರಲಿಲ್ಲ. ಶರಣಪ್ಪ ಅಷ್ಟರಲ್ಲಿ ಅಡಿಗೆ ನುಸುಳಿದ್ದ. "ತಳದಾಗ ಹಿತ್ತಾಳಿ ಬೂಚು ಅದಾವ್ರೀ. ಭಾಳ ಬಿಗಿ ಅದಾವ. ಗಾಡಿಗೆ ಬೂಚು ಯಾಕ ಬೇಕ್ರೀ?"

"ನೀರಲ್ಲಿ ಹೋಗ್ಲಿಕ್ಕೆ!" ಎಂದು ಶೆಟ್ಟರು ಕುಣಿದರು. "ಖಡಕ್ವಾಸ್ಲಾ ಕೆರೆಗೆ ಬಿಟ್ಟು ನೋಡುವ!"

"ಪಾತ್ರೆ ತೂತು ಉಂಟಾ ನೋಡ್ಲಿಕ್ಕೆ ಯಾರಾದ್ರೂ ಹೊಳೆಗೆ ಬಿಡ್ತಾರಾ?" ವನಜಕ್ಕ ಗಲ್ಲಾ ಬಿಟ್ಟು ಇಳಿದು ಬಂದರು. "ಒಳಗೆ ನೀರು ತುಂಬಿಸಿ ನೋಡ್ತಾರೆ. ಒಳಗಿನದು ಹೊರಗೆ ಬಾರದಿದ್ರೆ ಹೊರಗಿನದು ಒಳಗೆ ಬರುದಿಲ್ಲ. ಆಮೇಲೆ ಆ ನೀರಲ್ಲಿ ಅಂಗಳ ತೊಳೆದ್ರಾಯ್ತು." ಮೂವತ್ತು ವರ್ಷ ಸಾಂಬಾರಿನ ಹಂಡೆಗಳನ್ನು ಹೀಗೇ ಪರೀಕ್ಷಿಸಿದ ಹೆಂಗಸು. ಹೋಟೆಲಿಗೆಂದು ಬಂದ ಟ್ಯಾಂಕರಿನ ಪೈಪು ನೇರ ವಾಹನದೊಳಗೆ ಬಿತ್ತು.

ಸುದ್ದಿಮನೆಯ ಮನುಷ್ಯ ಹೊರಗೆ ನಿಂತು ನೋಡಿದರೆ ಹೇಗೆ? ನಾನು ಪ್ಯಾಂಟು ಮಡಿಸಿ ಹತ್ತಿ ಒಳಗೆ ಕೂತೆ. ಸ್ಟೀರಿಂಗಿನ ಕೆಳಗೆ ಮಣ್ಣು ಮೆತ್ತಿದ ತಗಡಿನ ಪಟ್ಟಿಯೊಂದಿತ್ತು. ತಲೆಯನ್ನು ಅಡಿಗೆ ತೂರಿಸಿ, ನೀರು ಎರಚಿ ತಿಕ್ಕತೊಡಗಿದೆ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಬೀದಿಯಲ್ಲಿ ಜಾತ್ರೆ. ಫೋನುಗಳು ಮೇಲೆದ್ದವು. "ಒಂದ ಹನಿ ಸೋರವಲ್ದು ನೋಡ್ರೀ!" ಎಂದು ಶರಣಪ್ಪ ಕೂಗಿದ. ಮರುಕ್ಷಣವೇ, "ಇಲ್ಲ ಇಲ್ಲ, ಹಿಂದ ಸೋರತದ! ಹೊರಗ ಚಾಚಿದ ಈ ಸರಳಿನ ಬುಡದಾಗ! ಇಲ್ಲಿ ಫ್ಯಾನ್ ಇತ್ತು ಕಾಣ್ತದ್ರೀ, ನೀರು ತಳ್ಳಾಕ!"

ಅದೇ ಹೊತ್ತಿಗೆ ಮಣ್ಣು ಕರಗಿ ಇಂಗ್ಲಿಷ್ ಅಕ್ಷರಗಳು ಮೂಡಿದವು. ತಲೆ ಎತ್ತದೆಯೇ ಕೂಗಿ ಓದಿ ಹೇಳಿದೆ: "ನೀರಿಗೆ ಇಳಿಯುವ ಮುನ್ನ ತಳದ ಬೂಚುಗಳನ್ನು ಭದ್ರಪಡಿಸಿ!" ಆಮೇಲೆ ಅಭ್ಯಾಸಬಲದಿಂದ ಸೇರಿಸಿದೆ, "ಆದರೆ ಇದು ಒಂದೇ ಮೂಲ. ಎರಡನೆಯದು ಬೇಕು."

"ಎರಡನೆಯದರಲ್ಲೇ ಕೂತಿದ್ದೀರಲ್ಲ ಮಾರಾಯ್ರೆ, ಸೊಂಟದವರೆಗೆ!" ಎಂದರು ವನಜಕ್ಕ. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು. ಶರಣಪ್ಪನಿಗೆ ಮಸಾಲೆ ದೋಸೆ ಬಂತು, ಕಟ್ಟರು ಚೀಲಕ್ಕೆ ಹೋಯಿತು, ಶೆಟ್ಟರು ಇಡೀ ಹಾರವನ್ನೇ ತಂದು ಅದರ ಮೂತಿಗೆ ಹಾಕಿದರು. ಜ್ಯೂಸ್ ಕೌಂಟರ್ ಈಗ ಅದರ ಬೆನ್ನಿಗೇ ಇದೆ. ಫೋನು ಹೇಳಿದ್ದೂ ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದನ್ನು ನನ್ನ ಒದ್ದೆ ಪ್ಯಾಂಟು ಸಾರುತ್ತಿತ್ತು.

ಮರುದಿನ ನನ್ನ ಹಳೆಯ ಪತ್ರಿಕೆಯಲ್ಲೇ ಮೂರು ಕಾಲಂ ಫೋಟೋ. ಅಡಿಬರಹ ಅಚ್ಚುಕಟ್ಟು: 'ಬಿಬವೇವಾಡಿಯ ಹೋಟೆಲಿನ ಮುಂದಿರುವುದು ನೆಲದಲ್ಲೂ ನೀರಿನಲ್ಲೂ ಓಡುತ್ತಿದ್ದ ಹಳೆಯ ಸೇನಾ ವಾಹನವೆಂದು ಖಚಿತವಾಗಿದೆ. ಒಳಗಿರುವ ವ್ಯಕ್ತಿಯ ಗುರುತು ಪತ್ತೆಯಾಗಿಲ್ಲ.'

ಕೆಂಡವಾಗಿ ಸುದ್ದಿಮನೆಗೆ ಫೋನು ಮಾಡಿದೆ. ನಾನೇ ತಿದ್ದಿ ತೀಡಿದ ಶಿಷ್ಯೆ ಈಗ ಅಲ್ಲಿ ಮುಖ್ಯಸ್ಥೆ. ಮರಾಠಿಯಲ್ಲಿ ಬಹಳ ವಿನಯದಿಂದ ಹೇಳಿದಳು: "ಸರ್, ಫೋಟೋದಲ್ಲಿ ನಿಮ್ಮ ಬೆನ್ನಷ್ಟೇ ಕಾಣುತ್ತಿತ್ತು. ನೀವೇ ಎಂದು ಶೆಟ್ಟರೇನೋ ಹೇಳಿದರು. ಎರಡನೇ ಮೂಲಕ್ಕಾಗಿ ನಿಮ್ಮ ಮನೆಗೆ ಫೋನು ಮಾಡಿದೆ. ಫೋಟೋ ಕಳಿಸಿದರೆ ಮೇಡಂ ನೋಡಿ, 'ಬೆನ್ನು ನೋಡಿ ಹೇಗೆ ಹೇಳುವುದು, ಪಕ್ಕದ ಮನೆಯವರನ್ನೂ ಕೇಳಿ' ಎಂದರು."