ಒಂಬತ್ತು ದಿನದ ಸಾಕ್ಷಿ

ನಮ್ಮ ಮನೆತನದಲ್ಲಿ ಎರಡು ಕೆಲಸಗಳನ್ನು ಮೊಟ್ಟಮೊದಲು ಮಾಡಿದವನು ನಾನು. ಬಿ.ಎ. ಪಾಸಾದದ್ದು ಒಂದು, ಬೀಡಿಯಿಂದ ಸಿಗರೇಟಿಗೆ ಬಂದದ್ದು ಇನ್ನೊಂದು. ಎರಡೂ ಒಂದೇ ದಿನ ಆದವು. ಫಲಿತಾಂಶದ ಹಾಳೆಯಲ್ಲಿ ನನ್ನ ನಂಬರನ್ನು ಮೂರು ಸಲ ನೋಡಿಕೊಂಡು ಗೋಕಾಕದ ಬಸ್ ನಿಲ್ದಾಣಕ್ಕೆ ಬಂದಾಗ, ಇನ್ನು ಮೇಲೆ ಬೀಡಿ ಸೇದಿದರೆ ಡಿಗ್ರಿಗೆ ಅವಮಾನವಾಗುತ್ತದೆ ಎಂದು ಅನಿಸಿತು. ಅಪ್ಪ ಮಂದಿಯ ಹೊಲದಲ್ಲಿ ಕಬ್ಬು ಕಡಿದು ನನ್ನನ್ನು ಓದಿಸಿದವನು, ಹೆಬ್ಬೆಟ್ಟು ಒತ್ತುವವನು. ಸಂಜೆ ನಾನು ಸುದ್ದಿ ಹೇಳಿದಾಗ ಅವನು ನನ್ನ ಅಂಗಿಯ ಕಿಸೆಯಲ್ಲಿದ್ದ ಪ್ಯಾಕೆಟ್ಟು ನೋಡಿ, “ಅಂತೂ ನಮ್ಮ ಮನ್ಯಾಗೂ ಒಬ್ಬಾಂವ ಸಾಹೇಬ ಆದ” ಎಂದು ಕಣ್ಣೊರೆಸಿಕೊಂಡ. ಡಿಗ್ರಿಗೆ ಅತ್ತನೋ ಪ್ಯಾಕೆಟ್ಟಿಗೆ ಅತ್ತನೋ ನನಗೆ ಇಂದಿಗೂ ಗೊತ್ತಿಲ್ಲ. ಆದ್ದರಿಂದ ಮುಂದೆ ಇಪ್ಪತ್ತು ವರ್ಷ ಯಾರಾದರೂ “ಸಿಗರೇಟು ಬಿಡ್ರಿ” ಎಂದರೆ ನನಗೆ ಪದವಿ ವಾಪಸು ಮಾಡು ಎಂದ ಹಾಗೆ ಕೇಳಿಸುತ್ತಿತ್ತು.

ಆ ಪದವಿಯ ಮೇಲೆಯೇ ನನಗೆ ಹಾಲು ಒಕ್ಕೂಟದಲ್ಲಿ ಕೆಲಸ ಸಿಕ್ಕಿತು. ಹಳ್ಳಿಗಳ ಡೇರಿಗೆ ಹೋಗಿ ಕ್ಯಾನಿನ ಮುಚ್ಚಳ ತೆಗೆದು ಹಾಲು ಕೆಟ್ಟಿದೆಯೋ ಇಲ್ಲವೋ ನೋಡಿ ಬರುವುದು ನನ್ನ ಉದ್ಯೋಗ. ನೋಡುವುದು ಎಂದರೆ ಮುಖ್ಯವಾಗಿ ಮೂಸುವುದು. ದಿನಕ್ಕೆ ಹದಿನೈದು ಸಿಗರೇಟು ಸೇದುವ ಮೂಗಿಗೆ ಎಲ್ಲ ಹಾಲೂ ಒಂದೇ ಥರ ಅನಿಸುತ್ತಿತ್ತು. ನಾನು ಯಾವ ಕ್ಯಾನನ್ನೂ ವಾಪಸು ಕಳಿಸುತ್ತಿರಲಿಲ್ಲವಾದ್ದರಿಂದ ಮೂರು ತಾಲೂಕಿನ ಡೇರಿಗಳಲ್ಲೂ ನನ್ನನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ನನ್ನ ಹೆಂಡತಿ ಕರುಣಾ ಮಾತ್ರ ಹಾಗೆ ಅನ್ನುತ್ತಿರಲಿಲ್ಲ. ಅವಳು ನಮ್ಮ ಚರ್ಚಿನ ಸಭೆಯ ಮಹಿಳಾ ಕೂಟದಲ್ಲಿ ನನ್ನ ಹೆಸರನ್ನು ಪ್ರಾರ್ಥನೆಯ ಪಟ್ಟಿಗೆ ಹಾಕಿಸಿದ್ದಳು. ಆ ಪಟ್ಟಿಯಲ್ಲಿ ನಾನು ಒಬ್ಬರ ಮೂತ್ರಪಿಂಡದ ಹರಳಿಗೂ ಇನ್ನೊಬ್ಬರ ಮಗಳ ಕಂಕಣಭಾಗ್ಯಕ್ಕೂ ನಡುವೆ ಇದ್ದೆ. ಹರಳು ಬಿತ್ತು, ಮಗಳಿಗೆ ಗಂಡು ಸಿಕ್ಕಿತು, ನಾನು ಮಾತ್ರ ಇದ್ದಲ್ಲೇ ಇದ್ದೆ. ವರ್ಷವಾದ ಮೇಲೆ ಒಬ್ಬ ಹಿರಿಯ ಹೆಣ್ಣುಮಗಳು ಬಾಗಿಲಲ್ಲೇ ನನ್ನನ್ನು ತಡೆದು, “ಏನ್ರಿ, ನಾವು ಮೊಣಕಾಲ ಊರಿ ಊರಿ ಮೊಣಕಾಲ ಹೋದುವು, ನಿಮ್ಮ ಸಿಗರೇಟ ಹೋಗವಲ್ದು!” ಎಂದರು. ಆ ಮಾತು ನನಗೆ ತಾಗಿತು. ಮರುದಿನವೇ ಬಿಟ್ಟೆ.

ಒಂಬತ್ತು ದಿನ ಬಿಟ್ಟೆ. ಇಲ್ಲಿಂದ ನನ್ನ ಕಷ್ಟ ಶುರು.

ನಮ್ಮದು ಗೋಕಾಕದಲ್ಲಿ ತಗಡಿನ ಮಾಡಿನ ಸಣ್ಣ ಸಭೆ. ಆರಾಧನೆಯ ನಡುವೆ ಸಾಕ್ಷಿಯ ಹೊತ್ತು ಅಂತ ಇರುತ್ತದೆ. ದೇವರು ತನಗೆ ಏನು ಮಾಡಿದನೆಂದು ಯಾರಾದರೂ ಎದ್ದು ಹೇಳಬೇಕು. ಕೆಲವು ಭಾನುವಾರ ಯಾರೂ ಏಳುವುದಿಲ್ಲ. ಆಗ ಪಾಸ್ಟರು ಕನ್ನಡಕದ ಮೇಲಿಂದ ಸುತ್ತ ನೋಡಿ ಕೊನೆಗೆ, “ಸಾಮುವೇಲ ಸರ, ಓದಿದವರು ನೀವು, ಎರಡ ಮಾತ ಹೇಳ್ರಿ” ಎನ್ನುತ್ತಾರೆ. ಸಣ್ಣ ಸಭೆಯಲ್ಲಿ ಪದವೀಧರನಾಗಿರುವುದರ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ಬೈಬಲಿನ ವಾಕ್ಯ ಓದುವವನು ಅವನೇ, ಅತಿಥಿಗಳಿಗೆ ವಂದನೆ ಹೇಳುವವನು ಅವನೇ, ಮೈಕು ಕೆಟ್ಟರೆ ಎಲ್ಲರೂ ನೋಡುವುದು ಅವನ ಕಡೆಗೇ. ಆ ದಿನ ಕರುಣಾಳ ಮೊಣಕೈಯೂ ನನ್ನ ಪಕ್ಕೆಗೆ ಬಿತ್ತು. ನಾನು ಎದ್ದು ನಿಂತು, ಒಂಬತ್ತು ದಿನವಾಯಿತು, ಪ್ರಾರ್ಥನೆ ಮಾಡಿ ಎಂದಷ್ಟೇ ಹೇಳಿ ಕೂಡಬೇಕೆಂದಿದ್ದೆ. ಆದರೆ ಮಾತು ಬರುವವನಿಗೆ ಮಾತು ನಿಲ್ಲಿಸಲು ಬರುವುದಿಲ್ಲ. ಇಪ್ಪತ್ತು ವರ್ಷದ ಕತ್ತಲೆ, ಹೊಗೆ, ಸರಪಳಿ, ಬಿಡುಗಡೆ ಎಂದು ಎಲ್ಲಿಗೋ ಹೋದೆ. “ಕರ್ತನು ನನ್ನನ್ನು ಬಿಡಿಸಿದ್ದಾನೆ” ಎಂದು ಕೈ ಎತ್ತಿದೆ. ಸಭೆ “ಸ್ತೋತ್ರ!” ಎಂದಿತು. ಇಬ್ಬರು ಅಜ್ಜಿಯರು ಅತ್ತರು. ಕರುಣಾ ಮದುವೆಯ ದಿನ ನೋಡಿದ ಹಾಗೆ ನನ್ನನ್ನು ನೋಡಿದಳು.

ನಾನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಸಾಕ್ಷಿಯೂ ಹಾಲಿನ ಹಾಗೆಯೇ, ಹೇಳಿದಾಗ ತಾಜಾ ಇತ್ತು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ನಾಗನೂರ ಡೇರಿಯ ಹಿಂದೆ ಕೆಟ್ಟಿತು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ದೇವರೂ ಒಳಗೊಳಗೇ ಬಗೆಹರಿಸಿಕೊಳ್ಳುತ್ತಿದ್ದೆವು. ಆದರೆ ನಮ್ಮ ಪಾಸ್ಟರು ಗೋಕಾಕದ ಜೊತೆಗೆ ಮೂಡಲಗಿ, ಹುಕ್ಕೇರಿಯ ಸಣ್ಣ ಸಭೆಗಳನ್ನೂ ಮೋಟಾರ್‌ಸೈಕಲ್ಲಿನ ಮೇಲೆ ನೋಡಿಕೊಳ್ಳುವವರು. ಇಂಥ ಸಾಕ್ಷಿ ಒಂದೇ ಊರಿನಲ್ಲಿ ಉಳಿಯಬಾರದು ಎಂದು ಮುಂದಿನ ವಾರ ನನ್ನನ್ನು ಹಿಂದೆ ಕೂರಿಸಿಕೊಂಡು ಮೂಡಲಗಿಗೆ ಹೋದರು. ಅದರ ಮುಂದಿನ ವಾರ ಹುಕ್ಕೇರಿ. ಎರಡೂ ಕಡೆ ಎಲ್ಲವನ್ನೂ ಭೂತಕಾಲದಲ್ಲಿ ಹೇಳಿದೆ, ಬಿಟ್ಟಿದ್ದೇನೆ ಎನ್ನದೆ ಬಿಟ್ಟಿದ್ದೆ ಎಂದು. ಕನ್ನಡ ಐಚ್ಛಿಕ ಓದಿದ್ದು ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಹೀಗೆ ಸಾಕ್ಷಿ ಹೇಳಿದ ಊರಲ್ಲೆಲ್ಲ ನನಗೆ ಸೇದಲು ಜಾಗ ಇಲ್ಲದಂತಾಯಿತು. ನಾವು ಕ್ರೈಸ್ತರು ಇಲ್ಲಿ ಬಹಳ ಮಂದಿ ಇಲ್ಲ, ಆದರೆ ನಾವು ಏನು ಮಾಡುತ್ತೇವೆಂದು ಎಲ್ಲರಿಗೂ ಗೊತ್ತಿರುತ್ತದೆ. ಗೋಕಾಕದಲ್ಲಿ ನನಗೆ ಇಪ್ಪತ್ತು ವರ್ಷ ಸಿಗರೇಟು ಕೊಟ್ಟ ಪಾನ ಅಂಗಡಿಯ ಈರಣ್ಣ, ಹಣೆ ತುಂಬ ವಿಭೂತಿ ಬಳಿದುಕೊಳ್ಳುವವನು, ಡಬ್ಬಿಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದ.

“ಬಿಟ್ಟೀರಂತಲ್ರಿ ಸರ.”

“ಹೌದು, ಇದು ನನಗಲ್ಲ. ಸಾಹೇಬರು ತರಾಕ ಹೇಳ್ಯಾರ.”

“ಹಾಂಗಾರ ಸಾಹೇಬರನ್ನಽ ಕಳಸ್ರಿ. ದೇವರ ಮುಂದ ನಿಂತ ಮಾತ ಕೊಟ್ಟೀರಿ. ನಿಮ್ಮ ದೇವರಿರಲಿ, ನಮ್ಮ ದೇವರಿರಲಿ, ನಾ ಕೊಟ್ರ ಪಾಪ ನನಗ ಬಡಿತೈತಿ. ಪೆಪ್ಪರಮಿಂಟ ತಗೊಂಡ ಹೋಗ್ರಿ.”

ಸಭೆ ವರ್ಷವಿಡೀ ಪ್ರಾರ್ಥನೆ ಮಾಡಿ ಆಗದ್ದನ್ನು ಲಿಂಗ ಕಟ್ಟಿಕೊಂಡ ಈರಣ್ಣ ಒಂದು ನಿಮಿಷದಲ್ಲಿ ಮಾಡುತ್ತಿದ್ದಾನೆಂದು ನನಗೆ ಸಿಟ್ಟು ಬಂತು. ನನ್ನ ಪರಿಚಯವಿಲ್ಲದ ಜಾಗ ಹುಡುಕುತ್ತ ಹುಡುಕುತ್ತ ಕೊನೆಗೆ ಕಣಗಲಾ ಹತ್ತಿರ ಹೆದ್ದಾರಿಯ ಬಾಜೂ ಇರುವ ಚಹಾ ಅಂಗಡಿಗೆ ಬಂದು ಮುಟ್ಟಿದೆ. ಅಲ್ಲಿ ನಿಲ್ಲುವವರೆಲ್ಲ ಲಾರಿಯವರು, ಯಾರಿಗೆ ಯಾರೂ ಗೊತ್ತಿಲ್ಲ. ಒಂದು ಸಿಗರೇಟಿಗಾಗಿ ಅಷ್ಟು ದೂರ ಗಾಡಿ ಹೊಡೆಯಬೇಕಾಗಿತ್ತು. ಆ ಭಾಗದ ಡೇರಿಗಳನ್ನು ನಾನು ಯಾಕೆ ಇಷ್ಟು ಪ್ರೀತಿಯಿಂದ ತಪಾಸಣೆ ಮಾಡುತ್ತಿದ್ದೇನೆಂದು ಕಚೇರಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಸಾಹೇಬರು ಮೀಟಿಂಗಿನಲ್ಲಿ ನನ್ನ ಕರ್ತವ್ಯನಿಷ್ಠೆಯನ್ನು ಹೊಗಳಿದರು.

ಇದೇ ಹೊತ್ತಿನಲ್ಲಿ ನನ್ನ ಬೆನ್ನು ಹತ್ತಿದವನು ಯಾಕೋಬ. ಹುಕ್ಕೇರಿಯಲ್ಲಿ ಟಂಟಂ ರಿಕ್ಷಾ ಓಡಿಸುವವನು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು, ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವನು. ನನ್ನ ಸಾಕ್ಷಿ ಕೇಳಿದ ದಿನವೇ ಬೀಡಿಯ ಕಟ್ಟನ್ನು ಪಾಸ್ಟರ ಕೈಯಲ್ಲಿಟ್ಟು ನನ್ನ ಫೋನ್ ನಂಬರು ತೆಗೆದುಕೊಂಡು ಹೋಗಿದ್ದ. ಸೇದಬೇಕು ಅನಿಸಿದಾಗಲೆಲ್ಲ ಫೋನ್ ಮಾಡುತ್ತಿದ್ದ. ನನಗೂ ಅವನಿಗೂ ಅನಿಸುವ ಹೊತ್ತು ಒಂದೇ ಆದ್ದರಿಂದ ಫೋನ್ ಬಂದಾಗ ನನ್ನ ಎಡಗೈಯಲ್ಲಿ ಯಾವಾಗಲೂ ಹೊಗೆ ಇರುತ್ತಿತ್ತು.

“ಸರ, ಜೀವಾ ಎಳ್ಯಾಕತ್ತೈತ್ರಿ. ನೀವು ಆವಾಗ ಏನ ಮಾಡತಿದ್ರಿ?”

“ಜೀರಗಿ ಅಗಿ, ಯಾಕೋಬ. ಪರಲೋಕದ ತಂದೆಯೇ ಅನ್ನೂ ಪ್ರಾರ್ಥನಾ ಸಾವಕಾಶ ಹೇಳು. ಒಂದೊಂದ ಶಬ್ದಕ್ಕ ಒಂದೊಂದ ಉಸರ ತಗೋ.”

ಇವೆಲ್ಲ ನಾನು ಆ ಕ್ಷಣಕ್ಕೆ ಹುಟ್ಟಿಸಿದ ಉಪಾಯಗಳು. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್. “ಭಾಳ ಚಲೋ ಆತ್ರಿ ಸರ! ಪ್ರಾರ್ಥನಾ ಹೇಳೂದ ಕೇಳಿ ಟಂಟಂದಾಗ ಕುಂತಾವ್ರೂ ಆಮೆನ್ ಅಂದ್ರು. ಗಾಡಿ ಗಟಾರಕ್ಕ ಬೀಳತೈತಿ ಅಂತ ಅಂಜಿದ್ರಂತ.” ನನ್ನ ಸುಳ್ಳು ಔಷಧಿ ಅವನಿಗೆ ನಾಟುತ್ತಿತ್ತು, ನನಗೆ ಮಾತ್ರ ನಾಟುತ್ತಿರಲಿಲ್ಲ. ಕಾರಣ ಸರಳ, ನಾನು ಅದನ್ನು ತೆಗೆದುಕೊಂಡಿರಲಿಲ್ಲ.

ಯಾಕೋಬ ಬಿಟ್ಟ ಹತ್ತನೆಯ ದಿನ ನಾನು ಕಣಗಲಾ ಅಂಗಡಿಯ ಹಿಂದೆ ಆಗತಾನೇ ಹೊತ್ತಿಸಿದ್ದೆ. ಫೋನ್ ಬಂತು.

“ಸರ, ಇವತ್ತ ಹತ್ತನೇ ದಿನ. ಕೈ ನಡಗಾಕತ್ತಾವು. ಹೆಂಡ್ತಿ ಮ್ಯಾಲ ಒದರಿದೆ. ನಿಮಗ ಹತ್ತನೇ ದಿನ ಹ್ಯಾಂಗ ಆಗಿತ್ರಿ?”

ಹತ್ತನೆಯ ದಿನ ನನಗೆ ಬಹಳ ಹಾಯಾಗಿತ್ತು. ನಾಗನೂರಲ್ಲಿ ಒಂದಾದ ಮೇಲೆ ಒಂದು ಎರಡು ಸೇದಿದ್ದೆ. ಅದನ್ನು ಹೇಳುವ ಹಾಗಿರಲಿಲ್ಲ. ಅವನೇ ಮುಂದುವರಿಸಿದ.

“ಡಾಕ್ಟರ್ ಎದಿ ಫೋಟೋ ತಗದ ನೋಡಿ ಹೇಳ್ಯಾರ್ರಿ, ಇನ್ನೊಂದ ವರ್ಷ ಹಿಂಗ ಸೇದಿದ್ರ ಟಂಟಂ ಬಿಡು, ಮನಿ ಕಟ್ಟಿನೂ ಹತ್ತೂದಿಲ್ಲ ನೀ ಅಂತ. ಆವಾಗೂ ಬಿಟ್ಟಿದ್ದಿಲ್ಲ ನಾ. ನೀವು ಬಿಟ್ಟೀರಿ ಅಂತ ಬಿಟ್ಟೇನ್ರಿ. ಸರ ನಿಂತಾರ, ನಾನೂ ನಿಲ್ಲತೇನಿ ಅಂತ. ನೀವೇನರೆ ಮತ್ತ ಹಿಡದ್ರ ನಂದ ಮುಗೀತ್ ನೋಡ್ರಿ.”

ಸಿಗರೇಟು ಬೆರಳಿಗೆ ಸುಡುತ್ತಿತ್ತು. “ಪ್ರಾರ್ಥನಾ ಮಾಡ್ರಿ ಸರ” ಎಂದ. ಲಾರಿಗಳು ಹೋಗುತ್ತಿದ್ದವು. ನಾನು ಸಿಗರೇಟನ್ನು ಕೆಳಗೆ ಹಾಕಿ, ತುಳಿದು, ಕಣ್ಣು ಮುಚ್ಚಿ, “ಕರ್ತನೇ, ನಮ್ಮಿಬ್ಬರನ್ನೂ ಇದರಿಂದ ಬಿಡಿಸು” ಎಂದೆ. ಸಭೆಯಲ್ಲಿ ನಾನು ಎಷ್ಟೋ ಉದ್ದುದ್ದ ಪ್ರಾರ್ಥನೆ ಮಾಡಿದ್ದೇನೆ. ಬೇಕಾಗಿ ಮಾಡಿದ್ದು ಅದೇ ಮೊದಲು. ಯಾಕೋಬ ಮಾತ್ರ, “ನೀವು ಭಾಳ ದೊಡ್ಡವರ್ರಿ ಸರ, ಬಿಟ್ಟಿದ್ರೂ ನಿಮ್ಮನ್ನೂ ಸೇರಿಸಿ ಪ್ರಾರ್ಥನಾ ಮಾಡತೀರಿ” ಎಂದ.

ಆ ದಿನ ನಾನು ಬಿಟ್ಟೆ. ಅಂದರೆ ನನ್ನ ಶಿಷ್ಯನಿಗಿಂತ ಹತ್ತು ದಿನ ಹಿಂದೆ ನಿಂತೆ, ಹತ್ತಾರು ದಿನ ಮುಂದಿದ್ದವನ ಹಾಗೆ ಮಾತಾಡುತ್ತ. ಮುಂದಿನ ಹತ್ತು ದಿನದ ನನ್ನ ಭವಿಷ್ಯವೆಲ್ಲ ಅವನ ಬಾಯಿಂದಲೇ ತಿಳಿಯುತ್ತಿತ್ತು. “ಸರ, ಹದಿನಾಲ್ಕನೇ ದಿನಾ ಬಾಯಿ ಕಹಿ ಆಗತೈತ್ರಿ” ಎನ್ನುವನು. ನಾನು ಗಂಭೀರವಾಗಿ, “ಆಗತೈತಿ, ಆಗತೈತಿ” ಎನ್ನುವೆ. ಹತ್ತು ದಿನ ಬಿಟ್ಟು ನನ್ನ ಬಾಯಿ ಕಹಿಯಾದಾಗ, ಅರೆ, ಯಾಕೋಬ ಹೇಳಿದ್ದು ಖರೆ ಎಂದು ಸಮಾಧಾನವಾಗುವುದು. ಒಮ್ಮೊಮ್ಮೆ ತಡೆಯಲಾರದೆ ನಾನೇ ಫೋನ್ ಮಾಡುತ್ತಿದ್ದೆ. ಗುರುವಾದವನಿಗೆ ನೆರವು ಕೇಳಲು ನಾಚಿಕೆಯಾದ್ದರಿಂದ, “ಯಾಕೋಬ, ಹನ್ನೆರಡನೇ ದಿನ ನಿನಗ ಹ್ಯಾಂಗ ಆಗಿತ್ತು? ನಾ ಬರದ ಇಡಾಕತ್ತೇನಿ, ಮುಂದ ಮಂದಿಗಿ ಉಪಯೋಗ ಆಗತೈತಿ” ಎನ್ನುತ್ತಿದ್ದೆ. ಅವನು ಸಂತೋಷದಿಂದ ನಿಧಾನವಾಗಿ ಹೇಳಿ ಬರೆಸುತ್ತಿದ್ದ. ಅಷ್ಟು ಹೊತ್ತಿಗೆ ನನ್ನ ಆಸೆ ಹೋಗಿರುತ್ತಿತ್ತು.

ನಲವತ್ತನೆಯ ದಿನ ಒಂದು ಡೇರಿಯಲ್ಲಿ ಕ್ಯಾನು ತೆಗೆದವನು ಒಮ್ಮೆಲೇ ಹಿಂದೆ ಸರಿದೆ. ಹಾಲು ಹುಳಿ ನಾರುತ್ತಿತ್ತು. ಜೀವನದಲ್ಲಿ ಮೊದಲ ಸಲ ಒಂದು ಕ್ಯಾನನ್ನು ವಾಪಸು ಕಳಿಸಿದೆ. ಆ ತಿಂಗಳು ಆರು ಕಳಿಸಿದೆ. ಡೇರಿಗಳಲ್ಲಿ ನನ್ನನ್ನು ದೇವರಂಥ ಮನುಷ್ಯ ಎನ್ನುವುದು ನಿಂತಿತು.

ಮೂರು ತಿಂಗಳಾದ ಮೇಲೆ ಮೂರೂ ಊರಿನ ಸಭೆಗಳು ಮೂಡಲಗಿಯಲ್ಲಿ ಕೂಡಿದವು. ಯಾಕೋಬ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಕಾಗದ ನೋಡದೆ, ದೇವರು ತನ್ನನ್ನು ಬಿಡಿಸಿದನೆಂದೂ ಅದಕ್ಕೆ ಸಾಮುವೇಲ ಸರ ಕಾರಣರೆಂದೂ ಹೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ಪಾಸ್ಟರು, “ಸರ, ಎರಡ ಮಾತ” ಎಂದರು. ಸುಮ್ಮನೆ ವಂದನೆ ಹೇಳಿ ಕೂಡಬಹುದಿತ್ತು. ಈಗಂತೂ ನಿಜವಾಗಿಯೂ ಬಿಟ್ಟಿದ್ದೆ. ಆದರೆ ಆ ಮನುಷ್ಯ ನನ್ನ ಸಾಕ್ಷಿಯ ಹುಳಿ ಹಾಲು ಕುಡಿದು ನಿಂತಿದ್ದಾನೆಂಬುದನ್ನು ಮೂಗು ಬಂದ ಮೇಲೆ ನನಗೆ ತಡೆಯಲಾಗುತ್ತಿರಲಿಲ್ಲ. ಎದ್ದು ನಿಂತು, ಒಂಬತ್ತು ದಿನ, ನಾಗನೂರು, ಕಣಗಲಾ, ಎಡಗೈ, ಎಲ್ಲ ಹೇಳಿದೆ. ಈ ಸಲ ಕತ್ತಲೆ, ಸರಪಳಿ ಏನೂ ಬರಲಿಲ್ಲ. ಸಭೆ ಸ್ತೋತ್ರ ಅನ್ನಲಿಲ್ಲ. ಕರುಣಾ ನೆಲ ನೋಡಿದಳು.

ಯಾಕೋಬ ಎದ್ದು ಹೊರಗೆ ಹೋದ.

ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹಿಂದೆ ಓಡಿದೆ. ಅವನು ರಸ್ತೆ ದಾಟಿ ಪಾನ ಅಂಗಡಿಯ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದ. ಮತ್ತೆ ಹಿಡಿದೇಬಿಟ್ಟ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಬೆರಳು ಎಣಿಸುತ್ತಿದ್ದ.

“ಯಾಕೋಬ, ತಪ್ಪಾತಪಾ. ನನ್ನ ಮ್ಯಾಲಿನ ಸಿಟ್ಟಿಗೆ ನೀ ಹಿಡೀಬ್ಯಾಡ.”

“ತಡೀರಿ ಸರ.” ಮತ್ತೆ ಎಣಿಸಿದ. “ಅಂದ್ರ ನೀವು ಬಿಟ್ಟಿದ್ದು ನನ್ನ ಹತ್ತನೇ ದಿನಕ್ಕ?”

“ಹೌದು.”

“ಅಂದ್ರ ನಾನಽ ಮೊದಲ ಬಿಟ್ಟಾಂವ. ನಿಮಗಿಂತ ಮೊದಲ.”

“ಹೌದು, ನೀನಽ ಮೊದಲ.”

ಅವನು ಎಣಿಸಿದ ಬೆರಳುಗಳನ್ನು ಇನ್ನೊಮ್ಮೆ ನೋಡಿಕೊಂಡ. “ನಮ್ಮ ವಂಶದಾಗ ಯಾವದರಾಗೂ ಯಾರೂ ಮೊದಲ ಬಂದಿದ್ದಿಲ್ರಿ” ಎಂದ. ಅಂಗಡಿಯವನು ಏನು ಬೇಕೆಂದು ಕೇಳಿದ. ಯಾಕೋಬ ಏನೂ ಬೇಡವೆಂದ, ನನಗೂ ಏನೂ ಬೇಡವೆಂದು ಅವನೇ ಹೇಳಿದ.

ಈಗ ಪಾಸ್ಟರು ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುವುದು ಯಾಕೋಬನನ್ನು. ಅವನ ಸಾಕ್ಷಿಯಲ್ಲಿ ನಾನೂ ಬರುತ್ತೇನೆ, ಹೆಸರಿಲ್ಲದೆ. “ಒಬ್ಬರು ಭಾಳ ಓದಿದವರಿದ್ರು” ಎಂದು ಶುರು ಮಾಡುತ್ತಾನೆ. ಹೋದ ತಿಂಗಳು ಹುಕ್ಕೇರಿಯಲ್ಲಿ ಅದನ್ನು ಕೇಳಲು ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ನನ್ನ ಗುರುತಿಲ್ಲದ ಒಬ್ಬ ವಯಸ್ಸಾದ ಆಯಿ, ಬೇರೆ ಊರಿಂದ ಮಗಳ ಮನೆಗೆ ಬಂದವರು. ಕಥೆ ಕೇಳಿ ಮರುಗಿಹೋದರು.

“ಪಾಪ, ಆ ಓದಿದಾಂವ ಇನ್ನೂ ತಡದ ನಿಂತಾನೋ ಇಲ್ಲೋ, ತಮ್ಮಾ?”

“ನಿಂತಾನಂತ್ರಿ ಆಯಿ.”

“ಎಷ್ಟ ದಿನಾ ನಿಂದರತಾನು! ಬಾ, ಅವನ ಸಲುವಾಗಿ ಪ್ರಾರ್ಥನಾ ಮಾಡೂಣು” ಎಂದು ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದರು. ಅವನ ಸೊಕ್ಕು ಮುರಿ, ಅವನ ಹೆಂಡತಿಗೆ ತಾಳ್ಮೆ ಕೊಡು, ಅವನ ಬಾಯಿಗೆ ಬೀಗ ಹಾಕು ಎಂದು ಒಂದೊಂದೇ ಬೇಡಿಕೊಂಡರು. ನಾನು ಪ್ರತಿಯೊಂದಕ್ಕೂ ಆಮೆನ್ ಅಂದೆ. ಕೊನೆಯದಕ್ಕೆ ಸ್ವಲ್ಪ ಜೋರಾಗಿಯೇ ಅಂದೆ. ಆಯಿ ಕಣ್ಣು ತೆರೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ನೀ ಸೇದತೀಯೇನ ತಮ್ಮಾ?”

“ಇಲ್ಲರಿ ಆಯಿ.”

“ಚಲೋ ಆತು” ಎಂದು ಕೈ ತಟ್ಟಿದರು. “ನೋಡಿದ್ರಽ ಗೊತ್ತಾಗತೈತಿ ಬಿಡು, ನೀ ಏನ್ ಭಾಳ ಓದಿದಾಂವ ಅಲ್ಲ.”