ಕೈಯ ಗುಡ್ಡ, ಟ್ಯಾಬಿನ ಗುಡ್ಡ

ಡ್ರಾಯಿಂಗ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಪ್ರತಿಜ್ಞೆ ಮಾಡಿಯೇಬಿಟ್ಟರು. "ನಮ್ಮ ಮನೆ ಹಿಂದಿನ ಗುಡ್ಡ. ಒಂದು ಸಲ ಕಾಗದದ ಮೇಲೆ, ಇನ್ನೊಂದು ಸಲ ಟ್ಯಾಬಿನಲ್ಲಿ. ಶಾಲೆ ಚಿತ್ರಪ್ರದರ್ಶನದ ದಿನ ಎರಡನ್ನೂ ಪಕ್ಕಪಕ್ಕ ತೂಗುಹಾಕ್ತೀನಿ. ಕೈಯಲ್ಲಿ ಬರೆದದ್ದು ಯಾವುದು ಅಂತ ಬ್ರಹ್ಮನ ಕೈಲೂ ಹೇಳೋಕಾಗಲ್ಲ."

ಗಣಿತದ ಮೇಡಂ ಉತ್ತರಪತ್ರಿಕೆಯಿಂದ ತಲೆಯೆತ್ತಿದರು. "ನಾನು ಹೇಳಿದ್ರೆ?"

"ಈ ವರ್ಷದ ನನ್ನ ಪೀರಿಯಡ್ಡುಗಳೆಲ್ಲ ನಿಮ್ಮವು. ತಪ್ಪು ಹೇಳಿದ್ರೆ ಮಾತ್ರ, ಪೋರ್ಷನ್ ಮುಗಿದಿಲ್ಲ ಅಂತ ಮತ್ತೆ ನನ್ನ ಹತ್ರ ಬರಬಾರದು."

ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತ ನುಂಗಿ ನೀರು ಕುಡಿಯುವುದು ಆ ಶಾಲೆಯ ವಾಡಿಕೆ. ಮೇಷ್ಟ್ರಿಗೆ ಅದೇ ಹೊಟ್ಟೆಯುರಿ.

ಟ್ಯಾಬಿನ ಗುಡ್ಡ ಸಲೀಸಾಗಿ ಬಂತು. ತಪ್ಪಿದರೆ ಪರದೆಯ ಮೇಲೆ ಎರಡು ಬೆರಳು ತಟ್ಟಿದರಾಯಿತು, ತಪ್ಪು ಮಾಯ. ಮೇಷ್ಟ್ರು ಬೇಕೆಂದೇ ಒಂದಷ್ಟು ತಪ್ಪು ಮಾಡಿ, ತಟ್ಟಿ ತಟ್ಟಿ ನೋಡಿದರು. ಈ ಭಾಗ್ಯ ಇಷ್ಟು ವರ್ಷ ಎಲ್ಲಿ ಅಡಗಿತ್ತಪ್ಪಾ ಅನಿಸಿತು.

ಆಮೇಲೆ ತಾರಸಿಯ ಮೇಲೆ ಕಾಗದ ಹರವಿ, ಜಲವರ್ಣ ಕಲಸಿ ಕೂತರು. ಅಂಥ ಆಕಾಶ ಅವರ ಕುಂಚದಿಂದ ಹಿಂದೆಂದೂ ಇಳಿದಿರಲಿಲ್ಲ. ಅದು ಆರುವ ಮೊದಲೇ, ಗುಡ್ಡಕ್ಕೆಂದು ಅದ್ದಿದ ಕುಂಚದಿಂದ ಹಸಿರು ಹನಿಯೊಂದು ನಟ್ಟನಡುವೆ ತೊಟ್ಟಿಕ್ಕಿತು. ಮೇಷ್ಟ್ರು ಗಾಬರಿಯಾಗಲಿಲ್ಲ. ತಣ್ಣಗೆ ಎರಡು ಬೆರಳೆತ್ತಿ ಕಾಗದದ ಮೇಲೆ ತಟ್ಟಿದರು. ಹನಿ ಹೋಗಲಿಲ್ಲ. ಸ್ವಲ್ಪ ಪಕ್ಕಕ್ಕೆ ಇನ್ನೊಮ್ಮೆ ತಟ್ಟಿದರು. ಇದೇನು ಸಮಾಚಾರ, ಹತ್ತಿರದಿಂದ ನೋಡೋಣವೆಂದು ಹನಿಯ ಮೇಲೆ ಎರಡು ಬೆರಳಿಟ್ಟು ಅಗಲಿಸಿದರು. ಹನಿ ನಿಜವಾಗಿಯೂ ದೊಡ್ಡದಾಯಿತು.

ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಬಂದು ಇಣುಕಿದಳು. "ಏನ್ರೀ, ಆಕಾಶಾನ ತಟ್ಟಿ ಮಲಗಿಸ್ತಾ ಇದ್ದೀರಾ?"

"ಅಳಿಸ್ತಾ ಇದ್ದೀನಿ."

"ಅಳಿಸ್ತಾ ಇದ್ದೀರೋ, ಬೆಳೆಸ್ತಾ ಇದ್ದೀರೋ?"

ಆಗ ಮೇಷ್ಟ್ರು ತಮ್ಮ ಬೆರಳ ತುದಿ ನೋಡಿಕೊಂಡರು. ಹಸಿರು ಮೆತ್ತಿತ್ತು; ಇದು ಟ್ಯಾಬಲ್ಲ, ಕಾಗದ.

ಹೊಸದಾಗಿ ಬರೆಯಲು ಪುರುಸೊತ್ತಿಲ್ಲ. ಹರಡಿದ ಹನಿ ಮೋಡವಾಯಿತು, ನಾಲ್ಕು ಬೆರಳಚ್ಚು ನಾಲ್ಕು ಹಕ್ಕಿಗಳಾದವು. ಹಸಿರು ಮೋಡ ಎಲ್ಲಾದ್ರೂ ಉಂಟಾ ಎಂದು ಹೆಂಡತಿ ಕೇಳಿದಳು. ಕಲಾವಿದನ ಕಣ್ಣಿಗೆ ಉಂಟು ಎಂದರು.

ಆದರೆ ಎರಡೂ ಒಂದೇ ಥರ ಇರಬೇಕಲ್ಲ? ಎದೆ ಕಲ್ಲು ಮಾಡಿಕೊಂಡು, ಟ್ಯಾಬಿನ ನಿರ್ಮಲ ಆಕಾಶಕ್ಕೂ ಅದೇ ಹಸಿರು ಮೋಡ, ಅದೇ ಡೊಳ್ಳುಹೊಟ್ಟೆಯ ಹಕ್ಕಿಗಳನ್ನು ಅಚ್ಚುಕಟ್ಟಾಗಿ ಬಿಡಿಸಿದರು. ಚೆನ್ನಾಗಿದ್ದದ್ದನ್ನು ಕೆಡಿಸಲು ಎಷ್ಟು ಶ್ರದ್ಧೆ ಬೇಕೆಂದು ಅವತ್ತೇ ಅವರಿಗೆ ತಿಳಿದದ್ದು. ಅದನ್ನು ಜಲವರ್ಣದ ತರಿತರಿ ಕಾಗದದ ಮೇಲೆಯೇ ಪ್ರಿಂಟ್ ಹಾಕಿಸಿ, ಎರಡಕ್ಕೂ ಒಂದೇ ಬಗೆಯ ಕಟ್ಟು, ಒಂದೇ ಬಗೆಯ ಗಾಜು ಹಾಕಿಸಿದರು.

ಪ್ರದರ್ಶನದ ದಿನ ಮೇಷ್ಟ್ರು ಹೆಂಡತಿಯೊಡನೆ ಬರುವಷ್ಟರಲ್ಲಿ ಅಟೆಂಡರ್ ಎರಡನ್ನೂ ಸಭಾಂಗಣದ ಗೋಡೆಗೆ ತೂಗುಹಾಕಿಯಾಗಿತ್ತು. ಗಣಿತದ ಮೇಡಂ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು. ಹಿಂದೆ ಸರಿದು ನೋಡಿದರು. ಕೊನೆಗೆ, "ಎಡಗಡೆಯದ್ದು ಕೈಯಲ್ಲಿ ಬರೆದದ್ದು. ಸರಿ ತಾನೇ?" ಎಂದರು.

ಮೇಷ್ಟ್ರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅದೇ ಗುಡ್ಡ, ಅದೇ ಮೋಡ, ಅದೇ ಹಕ್ಕಿ. ಬ್ರಹ್ಮನ ಮಾತು ಹಾಗಿರಲಿ, ಬರೆದವರಿಗೇ ಗುರುತು ಸಿಗಲಿಲ್ಲ. ವರ್ಷದ ಪೀರಿಯಡ್ಡುಗಳು ಕೈತಪ್ಪಿದವೋ ಉಳಿದವೋ ತಿಳಿಯದೆ ಅವರು ಮತ್ತೆ ಎಡಕ್ಕೇ ನೋಡಿದರು.

"ತಪ್ಪು ಮೇಡಂ," ಹೆಂಡತಿ ಹಿಂದಿನಿಂದ ಹೇಳಿದಳು. "ಬಲಗಡೆಯದ್ದು."

ಆ ಮಾತಿನ ಖಚಿತತೆಗೆ ಮೇಡಂ ಸೋಲೊಪ್ಪಿಕೊಂಡು ಹೊರಟುಹೋದರು. ಮೇಷ್ಟ್ರಿಗೆ ಕಣ್ಣು ತುಂಬಿಬಂತು. ಯಾರಿಗೂ ಸಿಗದ ತಮ್ಮ ಕುಂಚದ ಗುಟ್ಟನ್ನು ಮನೆಯವಳು ಹಿಡಿದುಬಿಟ್ಟಳಲ್ಲ! ದಾರಿಯುದ್ದಕ್ಕೂ ತಡೆದುಕೊಂಡು, ಮನೆ ಬಾಗಿಲಲ್ಲಿ ಕೇಳಿಯೇಬಿಟ್ಟರು.

"ನನಗೇ ಗೊತ್ತಾಗ್ಲಿಲ್ಲ ಕಣೇ. ನಿನಗೆ ಹೇಗೆ ಗೊತ್ತಾಯ್ತು? ಬಣ್ಣ ನೋಡಿದ್ಯಾ, ಕುಂಚದ ಎಳೆ ನೋಡಿದ್ಯಾ?"

"ನಂಗೇನ್ ಗೊತ್ತು?" ಹೆಂಡತಿ ಬೀಗ ತೆಗೆದಳು. "ಅವರು ಎಡ ಅಂದ್ರು, ನಾನು ಬಲ ಅಂದೆ."