ನಾಲ್ಕು ದೀಪ, ಒಂದು ಜೇಬು

ವಸಂತನರಸಾಪುರದ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಎರಡನೇ ಸಾಲಿನ ದೀಪವೂ ಮೂರನೇ ಸಾಲಿನ ದೀಪವೂ ಮತ್ತೆ ಒಟ್ಟಿಗೇ ಹತ್ತಿಕೊಂಡವು. ತೂಕ ಮಾಡುವ ದೊಡ್ಡಗಂಗಮ್ಮ ಎರಡೂ ಕಡೆ ಓಡಿ, ಒಂದು ಪೊಟ್ಟಣ ಬೀಳಿಸಿ, ಕಂಪ್ಯೂಟರ್ ಮುಂದಿದ್ದ ಲಕ್ಷ್ಮೀಕಾಂತನತ್ತ ತಿರುಗಿದಳು.

"ಏನ್ಲಾ ಮಗ, ನಂಗೇನ್ ನಾಲ್ಕ್ ಕಾಲವಾ?"

ದೀಪ ಹತ್ತಿದರೆ ಆ ಪೊಟ್ಟಣವನ್ನು ತೂಗಬೇಕು. ಸರಾಸರಿ ಐವತ್ತಕ್ಕೊಂದು, ಕೆಲವು ಸಲ ನಲವತ್ತಕ್ಕೇ, ಕೆಲವು ಸಲ ಅರವತ್ತಕ್ಕೆ. ಯಾರಿಗೂ ಮೊದಲೇ ಗೊತ್ತಾಗಬಾರದು. ತೂಗಬೇಕಾದ ಪೊಟ್ಟಣವನ್ನು ಆಯ್ಕೆ ಮಾಡುವ ಪ್ರೋಗ್ರಾಮು ಎಡವಿದಾಗಲೆಲ್ಲ ಆಫ್ ಮಾಡಿ ಆನ್ ಮಾಡುವುದು ಲಕ್ಷ್ಮೀಕಾಂತನ ಕೆಲಸ. ಹನ್ನೊಂದು ತಿಂಗಳಿಂದ ತಾತ್ಕಾಲಿಕ. ಇವತ್ತು ನಾಲ್ಕು ಗಂಟೆಗೆ ಪುಡಿ ಕೊಳ್ಳುವ ಕಂಪನಿಯಿಂದ ತಪಾಸಣೆಯ ಮೇಡಂ ಬರುವವರಿದ್ದರು. ಅವರೆದುರು ದೀಪಗಳು ಮಾನ ಉಳಿಸಿದರೆ ಕಾಯಂ ಮಾಡಿಸುತ್ತೇನೆಂದು ಮ್ಯಾನೇಜರ್ ಗೋವಿಂದರಾಜು ಮಾತು ಕೊಟ್ಟಿದ್ದರು.

ರೋಗದ ಮೂಲ ಅವನಿಗೆ ಬೆಳಗ್ಗೆಯಷ್ಟೇ, ಶೆಟ್ಟಿಹಳ್ಳಿಯಿಂದ ಬರುವ ಬಸ್ಸಿನಲ್ಲಿ, ಸಂಜೆಯ ಕಂಪ್ಯೂಟರ್ ಕ್ಲಾಸಿನ ನೋಟ್ಸನ್ನು ಮೂರನೇ ಸಲ ಓದುವಾಗ ಹೊಳೆದಿತ್ತು. ಎಷ್ಟನೇ ಪೊಟ್ಟಣಕ್ಕೆ ದೀಪ ಹತ್ತಬೇಕೆಂಬ ಸಂಖ್ಯೆ ಕೊಡುವ ಫಂಕ್ಷನ್ನು ಒಂದೇ ಸಲಕ್ಕೆ ಎರಡು ತಯಾರಿಸಿ, ಒಂದನ್ನು ಕೊಟ್ಟು, ಇನ್ನೊಂದನ್ನು ಮುಂದೆ ಕೇಳುವವರಿಗೆಂದು ಜೇಬಿನಲ್ಲಿಟ್ಟುಕೊಳ್ಳುತ್ತಿತ್ತು. ಪ್ರೋಗ್ರಾಮಿನೊಳಗೆ ಒಂದೊಂದು ಸಾಲನ್ನು ನೋಡಿಕೊಳ್ಳುವ ನಾಲ್ಕು ಥ್ರೆಡ್‌ಗಳಿಗೂ ಆ ಒಂದೇ ಜೇಬು. ಇಬ್ಬರು ಒಟ್ಟಿಗೆ ಕೈ ಹಾಕಿದರೆ ಇಬ್ಬರಿಗೂ ಅದೇ ಸಂಖ್ಯೆ, ಎರಡು ದೀಪವೂ ಒಟ್ಟಿಗೆ.

ತಾನು ಅರ್ಥ ಮಾಡಿಕೊಂಡದ್ದು ತಪ್ಪಿರಬಹುದೆಂಬ ಅಳುಕು ಇದ್ದೇ ಇತ್ತು. ಆದರೂ ಇವತ್ತು ಬಿಡುವುದಿಲ್ಲವೆಂದು ತೀರ್ಮಾನಿಸಿ ಕುಳಿತ. ಪ್ಯಾಕಿಂಗ್‌ನವರು ಸುತ್ತ ನೆರೆದರು. ಒಬ್ಬರು ವೈರು ಬದಲಿಸು ಎಂದರು, ಇನ್ನೊಬ್ಬರು ಮಾನಿಟರ್‌ಗೆ ನಿಂಬೆಹಣ್ಣು ಕಟ್ಟು ಎಂದರು.

ಒಂದು ಸಲಕ್ಕೆ ಒಬ್ಬರೇ ಕೈ ಹಾಕುವಂತೆ ಜೇಬಿಗೆ ಲಾಕ್ ಹಾಕಿದ. ಲಾಕ್ ತೆಗೆಯುವ ಸಾಲು ಬರೆಯುವುದನ್ನೇ ಮರೆತ. ಮೊದಲ ಥ್ರೆಡ್ ಒಳಗೆ ಹೋಗಿ ಚಿಲಕ ಜಡಿದುಕೊಂಡಿತು. ಉಳಿದ ಮೂರು, ಮದುವೆ ಮನೆಯ ಬಚ್ಚಲಿನ ಮುಂದೆ ಟವೆಲು ಹಿಡಿದು ನಿಂತ ನೆಂಟರಂತೆ ಕಾದವು. ಕಾಲು ಗಂಟೆ ಒಂದು ದೀಪವೂ ಹತ್ತಲಿಲ್ಲ. ದೊಡ್ಡಗಂಗಮ್ಮ ನೆಮ್ಮದಿಯಾಗಿ ಕೂತು ಎಲೆ ಅಡಿಕೆ ಹಾಕಿಕೊಂಡಳು.

ಲಾಕೇ ಬೇಡವೆಂದು ಪ್ರತಿ ಥ್ರೆಡ್‌ಗೂ ಬೇರೆ ಬೇರೆ ಫಂಕ್ಷನ್, ಬೇರೆ ಬೇರೆ ಜೇಬು ಮಾಡಿಕೊಟ್ಟ. ಆದರೆ ಸಂಖ್ಯೆಗಳು ಹುಟ್ಟುವ ಬೀಜವನ್ನು, ಅಂದರೆ ಲೆಕ್ಕ ಶುರುವಾಗುವ ಅಂಕಿಯನ್ನು, ನಾಲ್ಕಕ್ಕೂ ಒಂದೇ ಬರೆದಿದ್ದ. ನಾಲ್ಕು ದೀಪಗಳೂ ಒಂದೇ ಗಳಿಗೆಗೆ ಹತ್ತಿದವು, ಒಂದೇ ಗಳಿಗೆಗೆ ಆರಿದವು, ಮತ್ತೆ ಹತ್ತಿದವು.

"ಮೊದ್ಲು ಎರಡ್ ಕಡೆ ಓಡ್ತಿದ್ದೆ," ಎಂದಳು ದೊಡ್ಡಗಂಗಮ್ಮ. "ಓದ್ಕೊಂಡವ್ನೆ, ಉದ್ಧಾರ ಮಾಡ್ದ. ಬುಡು ಮಗ, ಹಳೇದೇ ಇರ್ಲಿ."

ಅವನು ಬಿಡಲಿಲ್ಲ. ಊಟಕ್ಕೂ ಏಳದೆ ಒಂದೊಂದಕ್ಕೂ ಬೇರೆ ಬೀಜ ಕೊಟ್ಟ. ಎರಡು ಗಂಟೆಯಿಂದ ದೀಪಗಳನ್ನು ಕಣ್ಣು ಮಿಟುಕಿಸದೆ ಕಾದ. ಒಂದೊಂದೂ ತನ್ನಿಷ್ಟಕ್ಕೆ ಹತ್ತಿತು. ನಾಲ್ಕಕ್ಕೆ ಬಂದ ಮೇಡಂ ಅರ್ಧ ಗಂಟೆ ನಿಂತು ನೋಡಿ, ಇಷ್ಟು ಅಚ್ಚುಕಟ್ಟಾದ ಪರೀಕ್ಷೆಯನ್ನು ಎಲ್ಲೂ ಕಂಡಿಲ್ಲವೆಂದು ಬರೆದುಕೊಟ್ಟು ಹೋದರು.

ಗೋವಿಂದರಾಜು ಅವನನ್ನು ಕರೆದು ಬೆನ್ನು ತಟ್ಟಿ, ಒಂದು ಕಾಗದ ಕೊಟ್ಟರು. ಕಾಯಂ ಎಂಬ ಪದವನ್ನು ಅವನು ಅದರಲ್ಲಿ ಎರಡು ಸಲ ಹುಡುಕಿದ.

"ಹೆಡ್ ಆಫೀಸಿಗೆ ಫೋನ್ ಮಾಡಿ ನಿನ್ನ ಬಾಳ ಹೊಗಳ್ದೆ ಕಣಯ್ಯ," ಎಂದರು ಗೋವಿಂದರಾಜು, ಅವನ ಮುಖ ನೋಡದೆ. "ದೀಪ ತಾನಾಗೇ ಸರಿಯಾಗಿ ಹತ್ತೋದಾದ್ರೆ, ಪಕ್ಕದಲ್ಲಿ ಒಬ್ಬ ಆಸಾಮಿ ಯಾಕೆ ಅಂತ ಕೇಳ್ಬುಟ್ರು. ನಾನೇ ಕಾಡಿ ಬೇಡಿ ಕುಣಿಗಲ್ ಯೂನಿಟ್‌ಗೆ ಹಾಕ್ಸಿದೀನಿ. ಅಲ್ಲೂ ತಾತ್ಕಾಲಿಕಾನೇ. ಅಲ್ಲಿನ್ನೂ ಹಳೇ ಪ್ರೋಗ್ರಾಮು."

ಲಕ್ಷ್ಮೀಕಾಂತ ಕಾಗದ ಮಡಚಿ ಜೇಬಿಗಿಟ್ಟ. "ಹಂಗಾದ್ರೆ ಅಲ್ಲೂ ಸರಿ ಮಾಡ್ತೀನಿ ಸಾರ್. ಈ ಸಲ ಒಂದ್ ಗಂಟೆ ಸಾಕು."

ಗೋವಿಂದರಾಜು ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಲಕ್ಷ್ಮೀಕಾಂತ, ನಮ್ಮ ಕಂಪನಿಗೆ ಮೂರನೇ ಯೂನಿಟ್ ಇಲ್ಲ ಕಣಪ್ಪ."